ಬರ್ಮಾ ಉದ್ದಿನ ಇಡ್ಲಿ ತಿನ್ನೋ ನಮ್ಮ ಎಂಪಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋಗಿರೋ 28 ಜನ ಮತ್ತು ರಾಜ್ಯಸಭೆಯಲ್ಲಿ ಕೂತಿರೋ 12 ಜನ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ರಸ್ತೆ, ಕುಡಿಯೋ ನೀರು, ರೈಲ್ವೆ ಅಂಡರ್‌ಪಾಸು ಅಂತ ದಿನಾ ಅರ್ಜಿ ಹಿಡ್ಕೊಂಡು ಬರೋರ ಮಧ್ಯೆ ಇವನ್ಯಾರಪ್ಪ ಮ್ಯಾನ್ಮಾರ್ (ಹಳೇ ಬರ್ಮಾ) ವಿಷಯ ಎತ್ಕೊಂಡು ಬಂದ ಅಂತ ನಿಮಗೆ ಅನ್ನಿಸಬಹುದು. ಅನ್ನಿಸ್ಲಿ, ಪರವಾಗಿಲ್ಲ. ನಾನು ಯಶವಂತಪುರ ಎಪಿಎಂಸಿ ಯಾರ್ಡಲ್ಲಿ ಬೇಳೆಕಾಳು ಮಂಡಿಯ ಲೆಕ್ಕ ಬರ್ಕೊಂಡಿದ್ದೋನು, ಆಮೇಲೆ 2016ರಿಂದ 2020ರವರೆಗೆ ಯಾಂಗೂನ್‌ನಲ್ಲಿ ಇಂಡಿಯಾಗೆ ಉದ್ದು, ತೊಗರಿ ಕಳಿಸೋ ಒಂದು ಕಂಪನಿಯಲ್ಲಿ ಕೆಲಸ ಮಾಡಿದೋನು. ನಮ್ಮ ದೇಶ ಹೊರಗಡೆಯಿಂದ ತರಿಸ್ಕೊಳ್ಳೋ ಉದ್ದಿನಲ್ಲಿ ಬಹುಪಾಲು ಬರೋದು ಅಲ್ಲಿಂದಲೇ, ಚೆನ್ನೈ ಪೋರ್ಟಲ್ಲಿ ಇಳಿದು ಲಾರಿ ಹತ್ತಿ ನಮ್ಮ ದರ್ಶಿನಿಗಳ ಗ್ರೈಂಡರ್‌ಗೆ ಬೀಳುತ್ತೆ. ಹಾಗಾಗಿ ಆ ದೇಶದಲ್ಲಿ ಏನಾಯ್ತು ಅನ್ನೋದು ನಮಗೆ ಸಂಬಂಧ ಇಲ್ಲದ ವಿಷಯ ಅಂತ ನಾನಂತೂ ಒಪ್ಪಲ್ಲ.

ನನ್ನ ತಕರಾರು ಒಂದು ಮಾತಿನ ಮೇಲೆ. ಮ್ಯಾನ್ಮಾರ್ ಸುದ್ದಿ ಬಂದಾಗೆಲ್ಲ ಟಿವಿ ಚರ್ಚೆಯಲ್ಲಿ, ರಿಟೈರ್ಡ್ ಅಧಿಕಾರಿಗಳ ಲೇಖನದಲ್ಲಿ, ನಿಮ್ಮ ಪೈಕಿ ಕೆಲವರ ಬಾಯಲ್ಲೂ ಬರೋ ಮಾತದು: ಆ ದೇಶಕ್ಕೆ ಡೆಮಾಕ್ರಸಿ ಒಗ್ಗಲ್ಲ, ಐದು ವರ್ಷ ಕೊಟ್ಟು ನೋಡಿದ್ರು ಆಗ್ಲಿಲ್ಲ, ಅಲ್ಲಿ ಸೇನೆ ಇದ್ರೇನೇ ಎಲ್ಲ ಸರಿ ಅಂತ. ಈ ಮಾತು ಸುಳ್ಳು ಸ್ವಾಮಿ. 2016ರಿಂದ 2021ರ ಆರಂಭದವರೆಗೆ ಚುನಾಯಿತ ಸರ್ಕಾರ ಇದ್ದ ಆ ಐದು ವರ್ಷದಲ್ಲಿ ಹೆಚ್ಚುಪಾಲು ನಾನು ಅಲ್ಲೇ ಇದ್ದೆ. ಜನ ಓಟು ಹಾಕಿ ತಂದ ಸರ್ಕಾರಕ್ಕೆ ಸರ್ಕಾರನ ಕೊಟ್ಟಿರ್ಲೇ ಇಲ್ಲ. ಮನೆ ನಿನ್ನ ಹೆಸರಿಗೆ ಬರೆದಿದೀನಿ ಅಂತ ಊರಿಗೆಲ್ಲ ಸಾರಿ, ಬೀರು ಕೀಲಿ ಮಾತ್ರ ತನ್ನ ಸೊಂಟದಲ್ಲೇ ಸಿಕ್ಕಿಸ್ಕೊಂಡಿರೋ ಹಳೇ ಯಜಮಾನ ಇರ್ತಾನಲ್ಲ, ಅಲ್ಲಿ ಆಗಿದ್ದು ಅದು.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಬೇಗ ಮುಗಿಸ್ತೀನಿ. 1962ರಿಂದ ಅಲ್ಲಿ ಸೇನೆಯ ಆಳ್ವಿಕೆ. 1990ರ ಚುನಾವಣೆಯಲ್ಲಿ ಡೆಮಾಕ್ರಸಿ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಎನ್‌ಎಲ್‌ಡಿ ಪಾರ್ಟಿ ಭಾರಿ ಬಹುಮತದಿಂದ ಗೆದ್ದಾಗ ಜನರಲ್‌ಗಳು ಅಧಿಕಾರ ಕೊಡಲ್ಲ ಅಂದ್ರು, ಅಲ್ಲಿಗೆ ಮುಗೀತು. ಅದರಿಂದ ಅವರೂ ಒಂದು ಪಾಠ ಕಲ್ತಿರ್ಬೇಕು: ಇನ್ನೊಂದು ಸಲ ಚುನಾವಣೆ ಮಾಡೋದಾದ್ರೆ ಸೋತ್ರೂ ಸೋಲದ ಹಾಗೆ ಮೊದಲೇ ಬರ್ಕೊಂಡಿರ್ಬೇಕು ಅಂತ. 2008ರ ಮೇ 2ಕ್ಕೆ ನರ್ಗಿಸ್ ಚಂಡಮಾರುತ ಇರವಾಡಿ ಡೆಲ್ಟಾಕ್ಕೆ ಬಡಿದು ಲಕ್ಷಕ್ಕೂ ಹೆಚ್ಚು ಜನ ಸತ್ತು ಕಾಣೆಯಾಗಿ, ಹೆಣ ಇನ್ನೂ ನೀರಲ್ಲಿ ತೇಲ್ತಿರೋವಾಗ್ಲೇ ಮೇ 10ಕ್ಕೆ ದೇಶದ ಉಳಿದ ಕಡೆ ಹೊಸ ಸಂವಿಧಾನಕ್ಕೆ ಜನಮತ ಸಂಗ್ರಹ ಮಾಡಿದ್ರು, ಶೇಕಡ 92ಕ್ಕೂ ಹೆಚ್ಚು ಜನ ಹೌದು ಅಂದಿದಾರೆ ಅಂತ ಘೋಷಣೆನೂ ಆಯ್ತು. 2015ರ ಚುನಾವಣೆ ಗೆದ್ದು 2016ರಲ್ಲಿ ಸೂ ಕಿ ಪಾರ್ಟಿ ಸರ್ಕಾರ ಮಾಡಿದ್ದೂ ಇದೇ ಸಂವಿಧಾನದ ಕೆಳಗೆ. ಆ ಪುಸ್ತಕದೊಳಗೆ ಏನಿತ್ತು ಅನ್ನೋದೇ ಈ ಪತ್ರದ ಮುಖ್ಯ ವಿಷಯ.

ನಿಮಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ ನಮ್ಮ ವಿಧಾನಸೌಧ ತಗೊಳ್ಳಿ. ನಮ್ಮ ವಿಧಾನಸಭೆಲಿ 224 ಸೀಟು, ಕಾಕತಾಳೀಯ ಅನ್ನಿ, ಅವರ ಪಾರ್ಲಿಮೆಂಟಿನ ಮೇಲ್ಮನೆಯಲ್ಲೂ 224 ಸೀಟೇ. ಅದರಲ್ಲಿ 56 ಸೀಟಿಗೆ ಚುನಾವಣೆನೇ ಇಲ್ಲ, ಸೇನಾ ಮುಖ್ಯಸ್ಥ ಒಂದು ಪಟ್ಟಿ ಕಳಿಸ್ತಾನೆ, ಆ 56 ಜನ ಹಸಿರು ಯೂನಿಫಾರ್ಮ್ ಹಾಕ್ಕೊಂಡು ಸಾಲಾಗಿ ಬಂದು ಕೂತ್ಕೋತಾರೆ, ಕೈ ಎತ್ತು ಅಂದಾಗ ಒಟ್ಟಿಗೆ ಎತ್ತುತಾರೆ. ಕೆಳಮನೆಯಲ್ಲಿ 440ಕ್ಕೆ 110. ಎರಡೂ ಸೇರಿ ಕಾಲು ಭಾಗ. ಕಾಲು ಭಾಗ ತಾನೇ, ಉಳಿದ ಮುಕ್ಕಾಲು ಜನರದ್ದಲ್ವಾ ಅಂತ ನೀವು ಕೇಳಬಹುದು. ಸಂವಿಧಾನದ ಮುಖ್ಯ ವಿಧಿಗಳಲ್ಲಿ ಏನೇ ಬದಲಾಯಿಸ್ಬೇಕಂದ್ರೂ ಶೇಕಡ 75ಕ್ಕಿಂತ ಹೆಚ್ಚು ಓಟು ಬೇಕು. ಅಂದ್ರೆ ದೇಶದಲ್ಲಿ ಆರಿಸಿ ಬಂದ ಪ್ರತಿಯೊಬ್ಬ ಸದಸ್ಯನೂ ಒಂದೇ ಕಡೆ ನಿಂತ್ರೂ, ಯೂನಿಫಾರ್ಮ್ ಹಾಕಿರೋ ಒಬ್ಬ ಒಪ್ಪೋವರೆಗೂ ಕೆಲಸ ಆಗಲ್ಲ. 2020ರ ಮಾರ್ಚ್‌ನಲ್ಲಿ ಎನ್‌ಎಲ್‌ಡಿಯವ್ರು ಈ ಕಾಲು ಭಾಗನ 15, ಆಮೇಲೆ 10, ಆಮೇಲೆ 5 ಅಂತ ಹಂತಹಂತವಾಗಿ ಇಳಿಸೋಣ ಅಂತ ತಿದ್ದುಪಡಿ ತಂದಾಗ ಬಹುಮತ ಸಿಕ್ಕಿತ್ತು, ಆದ್ರೂ ಬಿದ್ದುಹೋಯ್ತು.

ಅಲ್ಲಿಗೂ ಮುಗೀಲಿಲ್ಲ. ರಕ್ಷಣೆ, ಗೃಹ, ಗಡಿ ವ್ಯವಹಾರ, ಈ ಮೂರು ಖಾತೆಗೆ ಮಂತ್ರಿ ಯಾರು ಅಂತ ಹೇಳೋನು ಸೇನಾ ಮುಖ್ಯಸ್ಥ. ಇಬ್ಬರು ಉಪಾಧ್ಯಕ್ಷರಲ್ಲಿ ಒಬ್ಬನ್ನ ಸೂಚಿಸೋದು ಸೇನೆಯ ಸದಸ್ಯರು. ರಾಷ್ಟ್ರೀಯ ರಕ್ಷಣಾ ಮತ್ತು ಭದ್ರತಾ ಮಂಡಳಿ ಅಂತ ಒಂದು 11 ಜನರದ್ದು, ಅದರಲ್ಲಿ 6 ಜನ ಸೇನೆ ಕಡೆಯವ್ರು, ಅದನ್ನ ಕರೆದ್ರೆ ಸೋಲು ಗ್ಯಾರಂಟಿ ಅಂತ ಎನ್‌ಎಲ್‌ಡಿ ಸರ್ಕಾರ ಕರೆಯೋ ಉಸಾಬರಿಗೇ ಹೋಗ್ಲಿಲ್ಲ. ಸೇನೆ ತನ್ನ ವ್ಯವಹಾರನ ತಾನೇ ನೋಡ್ಕೊಳ್ಳುತ್ತೆ, ಯಾರಿಗೂ ಲೆಕ್ಕ ಒಪ್ಪಿಸ್ಬೇಕಿಲ್ಲ. ಎಂಇಎಚ್‌ಎಲ್, ಎಂಇಸಿ ಅಂತ ಅವರದ್ದೇ ಎರಡು ದೈತ್ಯ ಕಂಪನಿಗಳು, ಬಿಯರಿಂದ ಹಿಡಿದು ಮಾಣಿಕ್ಯದ ಗಣಿ, ಬ್ಯಾಂಕು, ಪೋರ್ಟ್ ಟರ್ಮಿನಲ್‌ವರೆಗೆ ಎಲ್ಲದ್ರಲ್ಲೂ ಇದ್ದವು. ವಿದೇಶಿ ಗಂಡ ಅಥವಾ ವಿದೇಶಿ ಮಕ್ಕಳಿರೋರು ಅಧ್ಯಕ್ಷರಾಗಂಗಿಲ್ಲ ಅನ್ನೋ ವಿಧಿ ಬೇರೆ, ಅದು ಸೂ ಕಿ ತಲೆ ಅಳತೆಗೇ ಹೊಲೆದ ಟೋಪಿ ಅಂತ ಮಗುಗೂ ಗೊತ್ತಿತ್ತು.

ಇದೆಲ್ಲ ಕಾಗದದ ಮೇಲಿನ ಮಾತು. ನಾನು ಕಣ್ಣಾರೆ ಕಂಡಿದ್ದು ಟೌನ್‌ಶಿಪ್ ಆಫೀಸು, ನಮ್ಮ ತಾಲೂಕು ಕಚೇರಿ ಅಂತ ತಿಳ್ಕೊಳ್ಳಿ. ಜಿಎಡಿ ಅಂತ ಒಂದು ಇಲಾಖೆ, ಡಿಸಿ ಆಫೀಸಿಂದ ಹಿಡಿದು ಗ್ರಾಮ ಲೆಕ್ಕಿಗನವರೆಗೆ ನಮ್ಮಲ್ಲಿ ಏನೇನು ಕೆಲಸ ಇದೆಯೋ ಅಷ್ಟೂ ಅದರ ಕೈಯಲ್ಲಿ: ಜಮೀನಿನ ಕಾಗದ, ತೆರಿಗೆ, ಸಭೆ ಸಮಾರಂಭಕ್ಕೆ ಪರ್ಮಿಷನ್, ಯಾರ ಮನೇಲಿ ಯಾರಿದಾರೆ ಅನ್ನೋ ಪಟ್ಟಿ, ಎಲ್ಲ. ಈ ಇಲಾಖೆ ಗೃಹ ಖಾತೆಗೆ ಸೇರಿದ್ದು, ಗೃಹ ಖಾತೆ ಸೇನೆಗೆ ಸೇರಿದ್ದು. ಅಂದ್ರೆ ಮುಖ್ಯಮಂತ್ರಿ ಚುನಾಯಿತ, ಆದ್ರೆ ಡಿಸಿ, ತಹಸೀಲ್ದಾರ್, ಇನ್ಸ್‌ಪೆಕ್ಟರ್ ಅಷ್ಟೂ ಜನ ಹಳೇ ಧಣಿಗೆ ರಿಪೋರ್ಟ್ ಮಾಡ್ತಾರೆ ಅಂತ ಊಹಿಸ್ಕೊಳ್ಳಿ, ನಿಮ್ಮ ಕ್ಷೇತ್ರದಲ್ಲಿ ಒಂದೇ ಒಂದು ವಾರ ಹೀಗಾದ್ರೆ ನಿಮ್ಮ ಗತಿ ಏನಾಗ್ತಿತ್ತು ಹೇಳಿ.

ನಮ್ಮ ಗೋಡೌನ್ ಬಾಡಿಗೆ ಕರಾರು, ನಾನಿದ್ದ ಮನೆಯ ಓನರ್ರು ವಿದೇಶಿಯವನು ಬಾಡಿಗೆಗಿದಾನೆ ಅಂತ ತರಬೇಕಾಗಿದ್ದ ಪತ್ರ, ಇಂಥವಕ್ಕೆಲ್ಲ ನಾನು ಆ ಆಫೀಸಿಗೆ ಹೋಗ್ತಾ ಇದ್ದೆ. ಅಲ್ಲಿನ ದೊಡ್ಡ ಸಾಹೇಬರು ಮಾಜಿ ಸೇನಾಧಿಕಾರಿ, ಬಿಳಿ ಅಂಗಿ, ಲುಂಗಿ ಥರದ್ದು ಅವರ ಲೊಂಜಿ, ತುಂಬಾ ಮರ್ಯಾದಸ್ಥ ಮನುಷ್ಯ, ಕೂರ್ಸಿ ಟೀ ಕೊಡೋರು. ಹೊಸ ಸರ್ಕಾರ ಬಂದ್ಮೇಲೆ ಲಂಚ ತಗೋಬಾರ್ದು, ಗಿಫ್ಟಿಗೆ ಇಷ್ಟೇ ಮಿತಿ ಅಂತೆಲ್ಲ ಸುತ್ತೋಲೆ ಬಂತು, ಅದನ್ನ ನೀಟಾಗಿ ಗೋಡೆಗೂ ಅಂಟಿಸಿದ್ರು. ಆದ್ರೆ ಕಾಗದ ಮಾತ್ರ ನಿಂತುಬಿಡ್ತು. ಯಾಕೆ ಸರ್ ಅಂದ್ರೆ ಹೊಸ ಸರ್ಕಾರದ ನಿಯಮ, ನಮಗೂ ಸ್ಪಷ್ಟ ಇಲ್ಲ, ಮೇಲಿಂದ ಕೇಳಿದೀವಿ ಅನ್ನೋ ಉತ್ತರ. ಮೊದ್ಲು ಒಂದು ವಾರಕ್ಕೆ ಆಗ್ತಿದ್ದ ಸಹಿ ತಿಂಗಳುಗಟ್ಟಲೆ ಆಯ್ತು. ಹೊರಗಡೆ ಬೆಂಚ್ ಮೇಲೆ ಕೂತ ಜನ ಬೈತಾ ಇದ್ದಿದ್ದು ಯಾರನ್ನ ಅಂದ್ಕೊಂಡ್ರಿ? ಆ ಸಾಹೇಬರನ್ನಲ್ಲ, ತಾವೇ ಓಟು ಹಾಕಿದ್ದ ಪಾರ್ಟಿನ. ಯಾರೂ ಏನೂ ತಪ್ಪು ಮಾಡಿಲ್ಲ ನೋಡಿ, ಫೈಲನ್ನ ಸುಮ್ಮನೆ ಮುಂದಕ್ಕೆ ತಳ್ಳಿಲ್ಲ ಅಷ್ಟೇ. ಹೊಸ ಸರ್ಕಾರನ ಬೀಳಿಸೋಕೆ ಟ್ಯಾಂಕ್ ಬರೋದು ಕಟ್ಟಕಡೆಗೆ, ಮೊದಲ ಕೆಲಸ ಎಲ್ಲ ಇಂಥ ಟೇಬಲ್‌ಗಳ ಮೇಲೇ ಆಗುತ್ತೆ.

ಜಿಎಡಿನ ಗೃಹ ಖಾತೆಯಿಂದ ಬಿಡಿಸಿ ತಮ್ಮ ಕಡೆ ತಗೊಳ್ಳೋಕೆ ಎನ್‌ಎಲ್‌ಡಿಗೆ 2018ರ ಡಿಸೆಂಬರ್‌ವರೆಗೆ ಬೇಕಾಯ್ತು, ಅಂದ್ರೆ ಅರ್ಧಕ್ಕೂ ಹೆಚ್ಚು ಅವಧಿ ಮುಗಿದಿತ್ತು. ಬೋರ್ಡ್ ಬದಲಾಯ್ತು, ಸಾಹೇಬರು ಅವರೇ ಇದ್ರು. ಹಾಂ, ಒಂದು ಒಳ್ಳೇ ಕೆಲಸನೂ ಹೇಳ್ಬೇಕು. ಮನೆಗೆ ರಾತ್ರಿ ನೆಂಟರು ಬಂದ್ರೆ ವಾರ್ಡ್ ಆಫೀಸಿಗೆ ಹೋಗಿ ಬರೆಸ್ಬೇಕು, ಇಲ್ಲಾಂದ್ರೆ ನಡುರಾತ್ರಿ ಬಂದು ಬಾಗಿಲು ಬಡೀತಾರೆ ಅನ್ನೋ ಹಳೇ ಕಾನೂನಿತ್ತು, ಅದನ್ನ 2016ರಲ್ಲೇ ತೆಗೆದುಹಾಕಿದ್ರು. ಸೇನೆಯ ಸದಸ್ಯರು ದೇಶದ ಭದ್ರತೆಗೆ ಅಪಾಯ ಅಂತ ವಿರೋಧ ಮಾಡಿದ್ರು, ಆದ್ರೆ ಅದಕ್ಕೆ 75 ಪರ್ಸೆಂಟ್ ಬೇಕಿರ್ಲಿಲ್ಲ, ಪಾಸಾಯ್ತು. ನಮ್ಮ ಆಫೀಸಿನ ಹೆಣ್ಮಕ್ಕಳು ಅವತ್ತು ಎಷ್ಟು ಖುಷಿಪಟ್ರು ಅಂದ್ರೆ, ಅಕ್ಕ ತಂಗಿ ಮನೆಗೆ ಹೋಗಿ ಒಂದು ರಾತ್ರಿ ನಿಶ್ಚಿಂತೆಯಾಗಿ ಮಲಗೋದು ಕೂಡ ಒಂದು ಹಕ್ಕು ಅಂತ ನನಗೆ ಅಲ್ಲಿವರೆಗೂ ಹೊಳೆದೇ ಇರ್ಲಿಲ್ಲ. 2021ರ ಫೆಬ್ರವರಿಯಲ್ಲಿ ಸೇನೆ ಬಂದು ಎರಡು ವಾರದೊಳಗೆ ಮಾಡಿದ ಕೆಲಸಗಳಲ್ಲಿ ಒಂದು, ಆ ಹಳೇ ಕಾನೂನನ್ನ ವಾಪಸ್ ತಂದಿದ್ದು.

ಇನ್ನು ಊ ಕೋ ನೀ ಅವರ ವಿಷಯ. ಇವರು ಎನ್‌ಎಲ್‌ಡಿಯ ಕಾನೂನು ಸಲಹೆಗಾರ, ಮುಸ್ಲಿಂ ಲಾಯರ್. ಸೂ ಕಿ ಅಧ್ಯಕ್ಷರಾಗಂಗಿಲ್ಲ ಅಂತ ಸಂವಿಧಾನ ಬಾಗಿಲು ಹಾಕಿದ್ರೆ, ಸ್ಟೇಟ್ ಕೌನ್ಸಿಲರ್ ಅನ್ನೋ ಹೊಸ ಹುದ್ದೆ ಮಾಡಿ ಕಿಟಕಿಯಿಂದ ಒಳಗೆ ಕರ್ಕೊಂಡು ಹೋದ ತಲೆ ಇವರದ್ದು ಅಂತಾರೆ. ಇಡೀ 2008ರ ಸಂವಿಧಾನನೇ ಬದಲಾಯಿಸ್ಬೇಕು ಅಂತ ಬಹಿರಂಗವಾಗಿ ಹೇಳ್ತಿದ್ರು. 2017ರ ಜನವರಿ 29ಕ್ಕೆ ಇಂಡೋನೇಷ್ಯಾದಿಂದ ವಾಪಸ್ ಬಂದು ಯಾಂಗೂನ್ ಏರ್‌ಪೋರ್ಟ್ ಹೊರಗೆ ಮೊಮ್ಮಗನ್ನ ಎತ್ಕೊಂಡು ಕಾರಿಗೆ ಕಾಯ್ತಾ ನಿಂತಿದ್ರು. ಹಿಂದಿನಿಂದ ಬಂದವನು ತಲೆಗೆ ಗುಂಡು ಹಾರಿಸಿದ. ಕೊಲೆಗಾರನ್ನ ಹಿಡಿಯೋಕೆ ಓಡಿದ ಟ್ಯಾಕ್ಸಿ ಡ್ರೈವರ್ ನೇ ವಿನ್ ಅವರನ್ನೂ ಕೊಂದ. ಎರಡು ವರ್ಷ ಕೇಸು ನಡೀತು, ಶಿಕ್ಷೆ ಆದವರಲ್ಲಿ ಮಾಜಿ ಸೇನಾಧಿಕಾರಿಗಳೂ ಇದ್ರು, ಆದ್ರೆ ಇದರ ಹಿಂದಿನ ತಲೆ ಅಂತ ಪೊಲೀಸರೇ ಹೆಸರಿಸಿದ ಮಾಜಿ ಲೆಫ್ಟಿನೆಂಟ್ ಕರ್ನಲ್ ಮಾತ್ರ ಸಿಗ್ಲೇ ಇಲ್ಲ. ಹುಡುಕಬೇಕಾದ ಪೊಲೀಸರು ಯಾರ ಖಾತೆಯಲ್ಲಿದ್ರು ಅಂತ ಇನ್ನೊಂದು ಸಲ ಹೇಳ್ಬೇಕಾ? ಆಡಳಿತ ಪಕ್ಷದ ಅತಿ ದೊಡ್ಡ ಕಾನೂನು ತಜ್ಞನ್ನ ಹಗಲು ಹೊತ್ತಲ್ಲಿ ಏರ್‌ಪೋರ್ಟ್ ಬಾಗಿಲಲ್ಲಿ ಕೊಂದ್ರೂ ಆಡಳಿತ ಪಕ್ಷದ ಕೈಯಲ್ಲಿ ತನಿಖೆ ಇಲ್ಲ. ಅಂತ್ಯಕ್ರಿಯೆಗೆ ಸಾವಿರಾರು ಜನ ಬಂದ್ರು, ಸೂ ಕಿ ಬರ್ಲಿಲ್ಲ.

ಅವರು ಯಾಕೆ ಬರ್ಲಿಲ್ಲ ಅನ್ನೋದ್ರಲ್ಲೇ ಆ ಸರ್ಕಾರದ ಇನ್ನೊಂದು ಮುಖ ಇದೆ, ಅದನ್ನ ಮುಚ್ಚಿಟ್ರೆ ಈ ಪತ್ರಕ್ಕೆ ಬೆಲೆ ಇರಲ್ಲ. ಸೇನೆನ ಎದುರು ಹಾಕ್ಕೊಂಡ್ರೆ ಇರೋದೂ ಹೋಗುತ್ತೆ ಅನ್ನೋ ಭಯದಲ್ಲಿ ಎನ್‌ಎಲ್‌ಡಿ ಬರ್ತಾ ಬರ್ತಾ ಸೇನೆಗೇ ಗುರಾಣಿ ಆಗೋಯ್ತು. 2017ರ ಆಗಸ್ಟ್ ನಂತರ ಸೇನೆಯ ಕಾರ್ಯಾಚರಣೆಯಿಂದಾಗಿ ಪಶ್ಚಿಮದ ರಖೈನ್ ರಾಜ್ಯದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಂ ಜನ ಬಾಂಗ್ಲಾದೇಶಕ್ಕೆ ಓಡಿಹೋದ್ರು, ಆ ಕಾರ್ಯಾಚರಣೆಗೆ ಆರ್ಡರ್ ಕೊಡೋ ಅಧಿಕಾರನೂ ತಡೆಯೋ ಅಧಿಕಾರನೂ ಚುನಾಯಿತ ಸರ್ಕಾರಕ್ಕೆ ಇರ್ಲಿಲ್ಲ ನಿಜ, ಆದ್ರೆ ಬಾಯಿ ಬಿಟ್ಟು ಖಂಡಿಸೋ ಅಧಿಕಾರ ಇತ್ತಲ್ಲ. 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಲ್ಲಿ, ರೋಹಿಂಗ್ಯಾ ನರಮೇಧದ ಆರೋಪದ ಕೇಸಲ್ಲಿ ನಿಂತು ಸೂ ಕಿ ತಮ್ಮ ದೇಶದ ಪರ ವಾದಿಸಿದ್ರು, ಜನರಲ್‌ಗಳು ಮನೇಲಿ ಕೂತು ಟಿವಿ ನೋಡಿದ್ರು. ರಾಯಿಟರ್ಸ್‌ನ ವಾ ಲೋನ್, ಚೋ ಸೋ ಊ ಅನ್ನೋ ಇಬ್ಬರು ಪತ್ರಕರ್ತರು ಹತ್ತು ಜನ ರೋಹಿಂಗ್ಯಾ ಗಂಡಸರ ಹತ್ಯೆ ಬಗ್ಗೆ ತನಿಖೆ ಮಾಡ್ತಿದ್ದಾಗ ಪೊಲೀಸರು ಕರೆದು ಕೈಗೆ ಕಾಗದ ಕೊಟ್ಟು, ಹೊರಗೆ ಬರ್ತಿದ್ದ ಹಾಗೆ ರಹಸ್ಯ ದಾಖಲೆ ಇಟ್ಕೊಂಡಿದಾರೆ ಅಂತ ಹಿಡಿದ್ರು. ಮೋ ಯಾನ್ ನೈಂಗ್ ಅನ್ನೋ ಪೊಲೀಸ್ ಕ್ಯಾಪ್ಟನ್ ಕೋರ್ಟಲ್ಲಿ ನಿಂತು ಇದು ಮೇಲಧಿಕಾರಿಗಳು ಹೂಡಿದ ಬಲೆ ಅಂತ ಹೇಳಿಬಿಟ್ಟ. ಆತನಿಗೇ ಜೈಲು, ಹೆಂಡ್ತಿ ಮಕ್ಕಳನ್ನ ಪೊಲೀಸ್ ಕ್ವಾರ್ಟರ್ಸಿಂದ ಹೊರಗೆ ಹಾಕಿದ್ರು, ಪತ್ರಕರ್ತರಿಗೆ 7 ವರ್ಷ ಶಿಕ್ಷೆ ಆಯ್ತು. ಕ್ಷಮಾದಾನ ಸಿಕ್ಕಿ ಹೊರಗೆ ಬಂದಿದ್ದು 2019ರ ಮೇನಲ್ಲಿ. ಶಿಕ್ಷೆ ಆದಾಗ ಅದನ್ನ ಸಮರ್ಥಿಸ್ಕೊಂಡು ಮಾತಾಡಿದ್ದು ಇದೇ ಸೂ ಕಿ. 2012ರ ನವೆಂಬರ್‌ನಲ್ಲಿ ಅವರು ಬೆಂಗಳೂರಿಗೆ ಬಂದಿದ್ದಾಗ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಎಷ್ಟು ಅಭಿಮಾನದಿಂದ ನೋಡಿದ್ವಿ ಅಂತ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ಹಳೇ ವ್ಯವಸ್ಥೆ ಹೊಸಬರನ್ನ ಬರೀ ಸೋಲಿಸಿ ಬಿಡಲ್ಲ, ತನ್ನ ಪಾಪಕ್ಕೆ ಅವರ ಸಹಿನೂ ಹಾಕಿಸ್ಕೊಳ್ಳುತ್ತೆ.

ನಮ್ಮ ಪಾಲೂ ಸ್ವಲ್ಪ ಇದೆ ಇದರಲ್ಲಿ. 2016-17ರಲ್ಲಿ ನಮ್ಮಲ್ಲಿ ತೊಗರಿ ಬೆಳೆ ಭರ್ಜರಿಯಾಗಿ ಬಂದು ಕಲಬುರಗಿ ಕಡೆ ರೈತರು ಖರೀದಿ ಕೇಂದ್ರದ ಮುಂದೆ ಚೀಲ ಇಟ್ಕೊಂಡು ಕಾದಿದ್ದು ನಿಮಗೇ ಗೊತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್, ಉದ್ದು ಹೆಸರು ಎರಡೂ ಸೇರಿ 3 ಲಕ್ಷ ಟನ್ ಅಂತ ಮಿತಿ ಹಾಕ್ತು. ನಮ್ಮ ರೈತರ ದೃಷ್ಟಿಯಿಂದ ಅದು ಬೇಕಾಗಿತ್ತು, ನಾನು ತಪ್ಪು ಅನ್ನಲ್ಲ. ಆದ್ರೆ ಆ ಕಡೆ ಏನಾಯ್ತು ಅಂದ್ರೆ ಮ್ಯಾನ್ಮಾರ್ ತೊಗರಿಗೆ ನಮ್ಮನ್ನ ಬಿಟ್ರೆ ಬೇರೆ ಗಿರಾಕಿ ಹೆಚ್ಚೂಕಮ್ಮಿ ಇಲ್ವೇ ಇಲ್ಲ, ಅವರು ಮನೇಲಿ ಅದನ್ನ ಅಷ್ಟಾಗಿ ತಿನ್ನೋದೂ ಇಲ್ಲ. ಯಾಂಗೂನ್‌ನ ಬಯಿನ್ನೌಂಗ್ ಮಾರ್ಕೆಟ್‌ನಲ್ಲಿ ರೇಟು ಕುಸಿದು ನಮ್ಮ ಗೋಡೌನ್‌ನಲ್ಲಿ ಲೆಮನ್ ಅನ್ನೋ ಜಾತಿಯ ತೊಗರಿ ಚೀಲ ಸೂರಿನವರೆಗೆ ನಿಂತ್ಕೊಂಡ್ವು. ಮಾಗ್ವೆ, ಸಗಾಯಿಂಗ್ ಕಡೆ ರೈತರು ತೊಗರಿ ಬಿತ್ತೋದನ್ನೇ ಕಮ್ಮಿ ಮಾಡಿದ್ರು. ಬೈಸ್ಕೊಂಡಿದ್ದು ಯಾರು? ಅಧಿಕಾರಕ್ಕೆ ಬಂದು ಒಂದೂವರೆ ವರ್ಷ ಆಗಿದ್ದ ಸರ್ಕಾರ.

ಇಷ್ಟೆಲ್ಲ ಆದ್ರೂ, ಬೈದ್ರೂ, ಸಿಟ್ಟಾದ್ರೂ ಜನ 2020ರ ನವೆಂಬರ್ 8ಕ್ಕೆ ಮತ್ತೆ ಸಾಲಲ್ಲಿ ನಿಂತು ಅದೇ ಪಾರ್ಟಿಗೆ ಓಟು ಹಾಕಿದ್ರು. ಚುನಾವಣೆ ನಡೆದ 476 ಸೀಟಲ್ಲಿ ಎನ್‌ಎಲ್‌ಡಿಗೆ 396, ಸೇನೆ ಬೆಂಬಲದ ಯುಎಸ್‌ಡಿಪಿಗೆ 33. ನನ್ನ ಪ್ರಕಾರ ಜನರಲ್‌ಗಳಿಗೆ ನಿದ್ದೆ ಕೆಟ್ಟಿದ್ದು ಅವತ್ತು. ಫೈಲ್ ನಿಲ್ಲಿಸಿ, ಕೋರ್ಟು ಪೊಲೀಸು ಎಲ್ಲ ಕೈಯಲ್ಲಿಟ್ಕೊಂಡು, ಹೊಸ ಸರ್ಕಾರದ ಹೆಸರು ಹಾಳು ಮಾಡಿದ್ರೂ ಜನ ಮೋಸ ಹೋಗ್ಲಿಲ್ಲ ಅಂದ್ರೆ ಉಳಿದಿದ್ದು ಬಂದೂಕು ಒಂದೇ. ಓಟರ್ ಲಿಸ್ಟಲ್ಲಿ 1 ಕೋಟಿಗೂ ಹೆಚ್ಚು ಕಡೆ ಅಕ್ರಮ ಅಂತ ಪುರಾವೆ ಇಲ್ಲದ ಆರೋಪ ಮಾಡಿದ್ರು, 2021ರ ಫೆಬ್ರವರಿ 1, ಹೊಸ ಪಾರ್ಲಿಮೆಂಟ್ ಸೇರಬೇಕಾಗಿದ್ದ ದಿನ ಬೆಳಗಿನ ಜಾವ ಅಧ್ಯಕ್ಷ ವಿನ್ ಮಿಂಟ್, ಸೂ ಕಿ ಇಬ್ಬರನ್ನೂ ಹಿಡಿದ್ರು. ಆಮೇಲೆ ಏನು ಮಾಡಿದ್ರು ನೋಡಿ: ಸೇನೆ ಸೂಚಿಸಿದ್ದ ಉಪಾಧ್ಯಕ್ಷ ಇದ್ನಲ್ಲ, ಮಿಂಟ್ ಸ್ವೆ, ಅವನೇ ಹಂಗಾಮಿ ಅಧ್ಯಕ್ಷ ಆದ, ಎಮರ್ಜೆನ್ಸಿ ಘೋಷಿಸಿದ, ಅಧಿಕಾರನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಕೈಗೆ ಕೊಟ್ಟ. ಅಷ್ಟೂ ಸಂವಿಧಾನದ ವಿಧಿ ನಂಬರ್ ಹಾಕಿ. 2008ರಲ್ಲಿ ಇಟ್ಟಿದ್ದ ಕೊಕ್ಕೆ 2021ಕ್ಕೆ ಕೆಲಸಕ್ಕೆ ಬಂತು.

ನಾನು ಆಗ ಬೆಂಗಳೂರಲ್ಲಿದ್ದೆ. ಅವತ್ತು ಬೆಳಿಗ್ಗೆ ಯಾಂಗೂನ್ ಆಫೀಸಿನವ್ರ ಫೋನ್ ಯಾವುದೂ ಸಿಗ್ತಿರ್ಲಿಲ್ಲ, ಲೈನ್ ಕಟ್ ಮಾಡಿದ್ರು. ಆಮೇಲೆ ಡಾಕ್ಟರ್ರು, ಟೀಚರ್ರು, ರೈಲ್ವೆಯವ್ರು, ಬ್ಯಾಂಕ್ ಸಿಬ್ಬಂದಿ ಕೆಲಸಕ್ಕೆ ಹೋಗಲ್ಲ ಅಂತ ಕೂತ್ರು, ಬ್ಯಾಂಕ್ ಮುಚ್ಚಿ ನಮ್ಮ ವ್ಯಾಪಾರನೂ ನಿಂತ್ಹೋಯ್ತು. ಜಿಎಡಿಯಲ್ಲೂ ಕೆಲವು ಸಣ್ಣ ನೌಕರರು ಕೆಲಸ ಬಿಟ್ರು ಅಂತ ಕೇಳಿದಾಗ ನನಗೆ ಆಶ್ಚರ್ಯ ಆಯ್ತು, ಸಂತೋಷನೂ ಆಯ್ತು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಇದು ಪಾರ್ಟಿ ರಾಜಕೀಯ ಅಂದ್ಕೋಬೇಡಿ. 2010ರಲ್ಲಿ ಜನರಲ್ ಥಾನ್ ಶ್ವೆಗೆ ಡೆಲ್ಲಿಯಲ್ಲಿ ರತ್ನಗಂಬಳಿ ಹಾಸಿದ್ದು ಯುಪಿಎ. 2021ರ ಮಾರ್ಚ್ 27ಕ್ಕೆ ಅಲ್ಲಿನ ರಾಜಧಾನಿ ನೇಪಿಡೊದಲ್ಲಿ ಸೇನಾ ದಿನದ ಪೆರೇಡ್‌ಗೆ ನಮ್ಮ ಪ್ರತಿನಿಧಿನ ಕೂರಿಸಿದ್ದು ಎನ್‌ಡಿಎ, ಆ ಒಂದೇ ದಿನ ದೇಶದ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನ ಸೇನೆ ಕೊಂದಿತ್ತು. 2021ರ ಜೂನ್‌ನಲ್ಲಿ, ಅಂದ್ರೆ ಸೇನೆ ಅಧಿಕಾರ ಕಿತ್ಕೊಂಡು ಐದು ತಿಂಗಳೂ ಆಗಿರ್ಲಿಲ್ಲ, ಇದೇ ಸೇನಾ ಆಡಳಿತದ ಜೊತೆ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸ್ಕೊಳ್ಳೋ ಒಪ್ಪಂದಕ್ಕೆ ಸಹಿ ಆಯ್ತು, 2025-26ರವರೆಗೆ ಐದು ವರ್ಷಕ್ಕೆ. ಚುನಾಯಿತ ಸರ್ಕಾರ ಇದ್ದಾಗ ಸಿಕ್ಕದ ಐದು ವರ್ಷದ ಭರವಸೆ ಜನರಲ್‌ಗಳಿಗೆ ಸಿಕ್ತು. ವ್ಯಾಪಾರಿಯಾಗಿ ನನಗೆ ಅದರಲ್ಲಿ ಲಾಭನೇ, ಆದ್ರೂ ಬಾಯಿ ಕಹಿ ಆಗುತ್ತೆ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ರಫ್ತುದಾರರ ಡಾಲರನ್ನ ಸರ್ಕಾರಿ ರೇಟಿಗೆ ಬದಲಾಯಿಸಲೇಬೇಕು ಅಂತ ಆರ್ಡರ್ ಮಾಡ್ತು, ಮೊದ್ಲು ಪೂರ್ತಿ, ಆಮೇಲೆ ಒಂದು ಪಾಲು. ಆ ಸರ್ಕಾರಿ ರೇಟು ಡಾಲರಿಗೆ 2,100 ಕ್ಯಾಟ್‌ಗೆ (ಕ್ಯಾಟ್ ಅಂದ್ರೆ ಅಲ್ಲಿನ ದುಡ್ಡು) ಬಂದು ನಿಂತ್ರೆ, 2024ರ ಹೊತ್ತಿಗೆ ಹೊರಗಡೆ ಡಾಲರ್ ಅದರ ಎರಡು ಪಟ್ಟಿಗೆ ಹೋಗ್ತಿತ್ತು. ಮಧ್ಯದ ದುಡ್ಡು ಎಲ್ಲಿಗೆ ಹೋಯ್ತು ಅಂತ ತಿಳ್ಕೊಳ್ಳೋಕೆ ಸಿಎ ಮಾಡಿರ್ಬೇಕಾಗಿಲ್ಲ. ತೊಗರಿ ಬೆಳೆಯೋ ಸಗಾಯಿಂಗ್‌ನಲ್ಲೇ ಸೇನೆ ಊರಿಗೆ ಊರೇ ಸುಟ್ಟಿದ್ದು.

ಇನ್ನೊಂದು ಇದಕ್ಕಿಂತ ಗಂಭೀರ. 2023ರ ಮೇನಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ರು, 2021ರ ಫೆಬ್ರವರಿ ನಂತರ ಮ್ಯಾನ್ಮಾರ್ ಸೇನೆಗೆ ಎಲ್ಲೆಲ್ಲಿಂದ ಆಯುಧ, ಬಿಡಿಭಾಗ, ಕಚ್ಚಾ ಸಾಮಾನು ಹೋಗಿದೆ ಅಂತ. ಒಟ್ಟು ನೂರು ಕೋಟಿ ಡಾಲರ್, ರಷ್ಯಾ ಚೀನಾ ಸಿಂಗಾಪುರ ಆದ್ಮೇಲೆ ಇಂಡಿಯಾ, 5.1 ಕೋಟಿ ಡಾಲರ್. ಅದರಲ್ಲಿ ಹೆಸರು ಬಂದಿರೋ ಒಂದು ಸರ್ಕಾರಿ ಕಂಪನಿಯ ಹೆಡ್ಡಾಫೀಸು ನಮ್ಮ ಬೆಂಗಳೂರಲ್ಲೇ ಇದೆ. ಅಲ್ಲಿ ಕೆಲಸ ಮಾಡೋರಲ್ಲಿ ನಿಮ್ಮ ಮತದಾರರೂ ಇದಾರೆ, ನನ್ನ ಸಂಬಂಧಿಕರೂ ಇರಬಹುದು. ಆ ಪಟ್ಟಿ ಸರಿನೋ ತಪ್ಪೋ, ಈಗಲೂ ಹೋಗ್ತಿದೆಯೋ ನಿಂತಿದೆಯೋ ಅಂತ ಕೇಳೋ ಮೊದಲ ಹಕ್ಕು ಕರ್ನಾಟಕದ ಸಂಸದರದ್ದಲ್ವಾ?

ಈಶಾನ್ಯ ರಾಜ್ಯಗಳ ಭದ್ರತೆ, ಚೀನಾ, ಮ್ಯಾನ್ಮಾರ್ ಮೂಲಕ ಮಿಜೋರಾಂಗೆ ಸಂಪರ್ಕ ಕೊಡೋ ಕಾಲಾದಾನ್ ರಸ್ತೆ, ಇದಕ್ಕೆಲ್ಲ ಸೇನೆ ಜೊತೆ ಮಾತಾಡ್ಲೇಬೇಕು ಅನ್ನೋ ವಾದ ನನಗೂ ಗೊತ್ತು. ಮಾತಾಡಿ, ಬೇಡ ಅಂದೋರ್ಯಾರು. ಆದ್ರೆ ಕಾಲಾದಾನ್ ಯೋಜನೆಯ ದಾರೀಲಿರೋ ಪಲೆಟ್ವಾ ಊರನ್ನ 2024ರ ಜನವರಿಯಲ್ಲೇ ಸೇನೆ ವಿರುದ್ಧ ಹೋರಾಡ್ತಿರೋ ಅರಾಕಾನ್ ಆರ್ಮಿ ಅನ್ನೋ ಬಂಡುಕೋರ ಪಡೆ ಹಿಡ್ಕೊಂಡಿದೆ. ಯಾರ ಕೈಯಲ್ಲಿ ದೇಶ ಇದೆ ಅಂದ್ಕೊಂಡು ಜನರಿಗೆ ಬೆನ್ನು ತಿರುಗಿಸಿದ್ವೋ ಅವರ ಕೈಯಲ್ಲೇ ಆ ರಸ್ತೆ ಇಲ್ಲ. 2025ರ ಡಿಸೆಂಬರ್ 28ರಿಂದ ಕಂತುಗಳಲ್ಲಿ ಇನ್ನೊಂದು ಚುನಾವಣೆ ಮಾಡಿದ್ರು, ಎನ್‌ಎಲ್‌ಡಿನ 2023ರಲ್ಲೇ ವಿಸರ್ಜನೆ ಮಾಡಿಯಾಗಿತ್ತು, ಎಷ್ಟೋ ಟೌನ್‌ಶಿಪ್‌ಗಳಲ್ಲಿ ಮತದಾನವೇ ಇಲ್ಲ, ಸೂ ಕಿ ಜೈಲಲ್ಲಿದ್ರು. 2008ರ ಪುಸ್ತಕನೇ ಮತ್ತೆ ತೆಗೆದು ಓದೋದು ಅದು, ಹೊಸದೇನಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಬೇಳೆಕಾಳು ಒಪ್ಪಂದ ಮುಂದುವರಿಸೋ ಮಾತು ಬಂದಾಗ ದುಡ್ಡು ಯಾರ ಖಾತೆಗೆ, ಯಾವ ರೇಟಲ್ಲಿ ಹೋಗುತ್ತೆ, ರೈತನಿಗೆ ಎಷ್ಟು ಮುಟ್ಟುತ್ತೆ ಅಂತ ವಾಣಿಜ್ಯ ಮಂತ್ರಿಗಳನ್ನ ಕೇಳಿ. ಆಯುಧದ ಬಿಡಿಭಾಗದ ಬಗ್ಗೆ ರಕ್ಷಣಾ ಮಂತ್ರಿಗಳನ್ನ ಕೇಳಿ. ಆ ಚುನಾವಣೆನ ನಮ್ಮ ಸರ್ಕಾರ ಏನಂತ ಪರಿಗಣಿಸಿದೆ ಅಂತ ವಿದೇಶಾಂಗ ಮಂತ್ರಿಗಳನ್ನ ಕೇಳಿ, 2020ರಲ್ಲಿ ಗೆದ್ದವರ ಜೊತೆ ಒಂದು ಸಲನಾದ್ರೂ ಕೂತು ಮಾತಾಡಿದಾರಾ ಅಂತಾನೂ ಕೇಳಿ. ಮಿಜೋರಾಂಗೆ ಓಡಿಬಂದಿರೋ ಸಾವಿರಾರು ಜನಕ್ಕೆ ಅಲ್ಲಿನ ಊರಿನವ್ರು ಚರ್ಚು, ಶಾಲೆ ತೆಗೆದುಕೊಟ್ಟು ಅನ್ನ ಹಾಕ್ತಿದಾರೆ, ಕೇಂದ್ರದ ಪಾಲು ಎಷ್ಟು ಅಂತ ಯಾರಾದ್ರೂ ಒಬ್ರು ಕೇಳಿ. ಮತ್ತೆ ದಯವಿಟ್ಟು ಆ ದೇಶಕ್ಕೆ ಡೆಮಾಕ್ರಸಿ ಒಗ್ಗಲ್ಲ ಅನ್ನೋ ಮಾತು ಸದನದಲ್ಲಿ ಯಾರಾದ್ರೂ ಎತ್ತಿದ್ರೆ ಎದ್ದು ನಿಂತು 396 ಅನ್ನೋ ನಂಬರ್ ಹೇಳಿ.

ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಕೊಡ್ಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಚುಕ್ಕೆ ಇಲ್ಲದ ಪ್ರಶ್ನೆ ಆದ್ರೂ ಸಾಕು, ಲಿಖಿತ ಉತ್ತರ ಬಂದ್ರೂ ಸಾಕು. 40 ಜನರಲ್ಲಿ ಒಬ್ಬರು ಕೇಳಿದ್ರೂ ಉತ್ತರ ನಾನೇ ಹುಡುಕಿ ಓದಿ, ಕನ್ನಡದಲ್ಲಿ ಬರೆದು, ಯಾಂಗೂನ್‌ನಲ್ಲಿ ಇನ್ನೂ ಫೋನ್ ಎತ್ತೋ ನನ್ನ ಹಳೇ ಸಹೋದ್ಯೋಗಿಗಳಿಗೂ ಓದಿ ಹೇಳ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಬೇಳೆಕಾಳು ವ್ಯಾಪಾರಿ ಹಾಗೂ ಮತದಾರ